ಬಿಲ್ 140 ದಿನ ದಾಟಿದೆ, ಎಂಎಸ್‌ಎಂಇ (ಸಣ್ಣ ಉದ್ಯಮ ಕಾಯ್ದೆ) ಕಂಪ್ಲೇಂಟ್ ಕೊಟ್ರೆ ವೆಂಡರ್ ಕೋಡ್ (ಸಪ್ಲೈಯರ್ ನಂಬರ್) ಬ್ಲಾಕ್ ಅಂತಿದಾರೆ, ಏನ್ ಮಾಡೋದು?

ಪೀಣ್ಯ_ಟರ್ನಿಂಗ್:

ಎಲ್ಲರಿಗೂ ನಮಸ್ಕಾರ. ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ ನಮ್ದೊಂದು ಸಣ್ಣ ಮಷೀನ್ ಶಾಪ್ ಇದೆ, ಆರು ಸಿಎನ್‌ಸಿ ಲೇತ್, ಎರಡು ವಿಎಂಸಿ. ಆಟೋ ಲೈನ್‌ಗೆ ಬುಷ್, ಪಿನ್, ಸ್ಪೇಸರ್ ಈ ಥರ ಟರ್ನ್ಡ್ ಪಾರ್ಟ್ಸ್ ಮಾಡ್ತೀವಿ. ಬಾರ್ ನಾವೇ ತಗೊಂಡು ಪಾರ್ಟ್ ಮಾಡಿ ಕೊಡೋದು, ಬರೀ ಜಾಬ್ ವರ್ಕ್ ಅಲ್ಲ. ಉದ್ಯಮ್ ರಿಜಿಸ್ಟ್ರೇಶನ್ (ಸಣ್ಣ ಉದ್ಯಮ ಅಂತ ಸರ್ಕಾರದ ನೋಂದಣಿ) 2021ರಿಂದ ಇದೆ, ಮೈಕ್ರೋ ಕೆಟಗರಿ.

ನಮ್ಮ ಟರ್ನೋವರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಕಸ್ಟಮರ್‌ದು, ಹೊರರಾಜ್ಯದ ಒಂದು ಟಯರ್-1 ಕಂಪನಿ (ಗಾಡಿ ಕಂಪನಿಗೆ ನೇರವಾಗಿ ಪಾರ್ಟ್ಸ್ ಕೊಡೋದು), ಹೆಸರು ಬೇಡ. ಪಿಒದಲ್ಲಿ (ಪರ್ಚೇಸ್ ಆರ್ಡರ್) ಪೇಮೆಂಟ್‌ಗೆ 90 ದಿನ ಅಂತ ಬರ್ದಿದಾರೆ, ಅದೂ ಜಿಆರ್‌ಎನ್ (ಮಾಲು ಬಂತು ಅಂತ ಅವ್ರು ಹಾಕೋ ರಸೀದಿ) ಡೇಟಿಂದ. ಜಿಆರ್‌ಎನ್ ಹಾಕೋದು ಅವ್ರಿಗೆ ಬೇಕಾದಾಗ, ಮಾಲು ಗೇಟ್ ಒಳಗೆ ಹೋಗಿ ಎಷ್ಟೋ ದಿನ ಆದ್ಮೇಲೆ. ಈಗ ಹಳೇ ಬಿಲ್ಲುಗಳು 140 ದಿನ ದಾಟಿವೆ, ಒಟ್ಟು 38 ಲಕ್ಷ ಬಾಕಿ. ಕೇಳಿದ್ರೆ ಪರ್ಚೇಸ್‌ನೋರು ಫೈನಾನ್ಸ್ ಕೇಳಿ ಅಂತಾರೆ, ಫೈನಾನ್ಸ್‌ನೋರು ಕ್ವಾಲಿಟಿಯಿಂದ ಕ್ಲಿಯರೆನ್ಸ್ ಬಂದಿಲ್ಲ ಅಂತಾರೆ. ಹೋದ ತಿಂಗಳು ಲೈನ್ ರಿಜೆಕ್ಷನ್ ಅಂತ ಒಂದು ಡೆಬಿಟ್ ನೋಟ್ (ಬಾಕಿಯಲ್ಲಿ ಇಷ್ಟು ಕಡಿತ ಅನ್ನೋ ಪತ್ರ) ಬೇರೆ ಕಳಿಸಿದಾರೆ, ಯಾವ ಲಾಟ್, ಎಷ್ಟು ಪೀಸ್ ಏನೂ ಇಲ್ಲ, ರಿಜೆಕ್ಟ್ ಆದ ಪೀಸ್ ವಾಪಸ್ ಕೂಡ ಕಳಿಸಿಲ್ಲ.

ಇತ್ತ ನಾನು ಜಿಎಸ್‌ಟಿ ಕಟ್ಟಿಬಿಟ್ಟಿದೀನಿ ಪ್ರತಿ ತಿಂಗಳು 20ಕ್ಕೆ, ದುಡ್ಡು ಬರ್ಲಿ ಬಿಡ್ಲಿ ಕಟ್ಲೇಬೇಕಲ್ಲ. ಬ್ಯಾಂಕ್‌ನೋರು 90 ದಿನ ದಾಟಿದ ಬಾಕಿನ ಡ್ರಾಯಿಂಗ್ ಪವರ್ (ಸಾಲದಲ್ಲಿ ಎಷ್ಟು ತೆಗೀಬಹುದು ಅನ್ನೋ) ಲೆಕ್ಕಕ್ಕೆ ತಗೊಳ್ಳಲ್ಲ, ಹಾಗಾಗಿ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲದ) ಲಿಮಿಟ್ ಇದ್ರೂ ಇಲ್ದಂಗೆ. ಸ್ಟೀಲ್‌ನೋನು ಮಾತ್ರ ಅಡ್ವಾನ್ಸ್ ಇಲ್ದೆ ಬಾರ್ ಇಳಿಸಲ್ಲ. ಹುಡುಗ್ರಿಗೆ ಸಂಬಳ ನಿಲ್ಸೋಕಾಗಲ್ಲ, ಅವ್ರೂ ಊರು ಬಿಟ್ಟು ಬಂದೋರು, ಒಬ್ರು ಹೋದ್ರೆ ಸೆಟ್ಟಿಂಗ್ ಗೊತ್ತಿರೋ ಇನ್ನೊಬ್ರು ಸಿಗೋದು ಕಷ್ಟ.

ಎಂಎಸ್‌ಎಂಇ ಕೌನ್ಸಿಲ್‌ಗೆ (ಬಾಕಿ ತಕರಾರು ಕೇಳೋ ಸರ್ಕಾರಿ ಮಂಡಳಿ) ಹೋಗ್ತೀನಿ ಅಂದಿದ್ದಕ್ಕೆ ಅವರ ಬಯ್ಯರ್ ಫೋನಲ್ಲೇ ಹೇಳ್ದ, ಹೋದ್ರೆ ಮಾರನೇ ದಿನ ಷೆಡ್ಯೂಲ್ ಜೀರೋ, ವೆಂಡರ್ ಕೋಡ್ ಬ್ಲಾಕ್ ಅಂತ. ಪಿಒ ಹಿಂದುಗಡೆ ಸಣ್ಣಕ್ಷರದಲ್ಲಿ ಏನೇ ತಕರಾರಿದ್ರೂ ಅವರ ಊರಲ್ಲೇ ಆರ್ಬಿಟ್ರೇಶನ್ (ಕೋರ್ಟ್ ಬದಲು ಮಧ್ಯಸ್ಥರ ತೀರ್ಪು) ಅಂತ ಬೇರೆ ಇದೆ. ನಿಜವಾಗ್ಲೂ ಈ ಕಾಯ್ದೆಯಿಂದ ದುಡ್ಡು ಬರತ್ತಾ, ಕಸ್ಟಮರ್ ಕಳ್ಕೊಳ್ದೆ ವಸೂಲಿ ಮಾಡೋ ದಾರಿ ಏನಾದ್ರೂ ಇದೆಯಾ? ಅನುಭವ ಇರೋರು ದಯವಿಟ್ಟು ಹೇಳಿ.

ಲೆಕ್ಕಪತ್ರ_ಸಿಎ:

ಸರ್, ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ, ಪಿಒದಲ್ಲಿ 90 ಅಂತ ಇದ್ರೂ ನಿಮಗದು 90 ಅಲ್ಲ. 2006ರ ಎಂಎಸ್‌ಎಂಇಡಿ ಕಾಯ್ದೆ ಸೆಕ್ಷನ್ 15 ಪ್ರಕಾರ ಬರವಣಿಗೆಯಲ್ಲಿ ಒಪ್ಪಂದ ಇದ್ರೂ 45 ದಿನಕ್ಕಿಂತ ಜಾಸ್ತಿ ಇಡೋ ಹಾಗಿಲ್ಲ, ಒಪ್ಪಂದನೇ ಇಲ್ದಿದ್ರೆ 15 ದಿನ. ನೀವು ಸೈನ್ ಹಾಕಿರೋದ್ರಿಂದ ನಿಮ್ಮ ಹಕ್ಕು ಹೋಗಲ್ಲ, ಯಾಕಂದ್ರೆ ಸೆಕ್ಷನ್ 24 ಈ ನಿಯಮಗಳು ಬೇರೆ ಕಾನೂನಿಗಿಂತ ಮೇಲೆ ಅಂತ ಹೇಳತ್ತೆ.

ಎರಡನೇದು ಜಿಆರ್‌ಎನ್ ವಿಷಯ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ದಿನ ಎಣಿಸೋದು ಮಾಲನ್ನ ಅವ್ರು ಒಪ್ಕೊಂಡ ದಿನದಿಂದ. ಆದ್ರೆ ಡೆಲಿವರಿ ಆದ 15 ದಿನದ ಒಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಬರ್ಲಿಲ್ಲ ಅಂದ್ರೆ ಡೆಲಿವರಿ ಆದ ದಿನವೇ ಒಪ್ಕೊಂಡ ಹಾಗೆ ಅಂತ ಕಾಯ್ದೆಯಲ್ಲೇ ಇದೆ. ಅವ್ರ ಸಿಸ್ಟಮ್‌ನಲ್ಲಿ ಜಿಆರ್‌ಎನ್ ಯಾವತ್ತು ಬಿತ್ತು ಅನ್ನೋದು ಅವ್ರ ಒಳಗಿನ ವಿಷಯ. ನಿಮ್ಮ ಹತ್ರ ಇರ್ಬೇಕಾಗಿರೋದು ಗೇಟ್ ಸೀಲ್ ಬಿದ್ದಿರೋ ಡಿಸಿ (ಡೆಲಿವರಿ ಚಲನ್), ಇ-ವೇ ಬಿಲ್, ಎಲ್‌ಆರ್ (ಲಾರಿ ರಸೀದಿ) ಕಾಪಿ. ತಿಂಗಳುಗಟ್ಲೆ ಆದ್ಮೇಲೆ ಬಂದ ಡೆಬಿಟ್ ನೋಟ್‌ಗೆ ಇವತ್ತೇ ಮೇಲ್‌ನಲ್ಲಿ ಉತ್ತರ ಕೊಡಿ, ಒಪ್ಪಲ್ಲ, 15 ದಿನದೊಳಗೆ ಆಕ್ಷೇಪಣೆ ಬಂದಿಲ್ಲ, ಲಾಟ್ ನಂಬರ್ ಕೊಟ್ಟು ಪೀಸ್ ವಾಪಸ್ ಕಳಿಸಿ ಅಂತ. ಸುಮ್ನಿದ್ರೆ ಮುಂದೆ ಅದನ್ನೇ ತಕರಾರು ಇತ್ತು ಅಂತ ತೋರಿಸ್ತಾರೆ.

ಬಡ್ಡಿ: ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ಈ ಬಡ್ಡಿನ ಅವ್ರು ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸೋಕೂ ಬರಲ್ಲ.

ಇನ್ನೊಂದು ಅಸ್ತ್ರ ಹಳೇ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 43ಬಿ(ಎಚ್). 2024-25ರ ಅಸೆಸ್‌ಮೆಂಟ್ ವರ್ಷದಿಂದ ಬಂದಿದೆ. ಮೈಕ್ರೋ ಮತ್ತು ಸ್ಮಾಲ್ ಸಪ್ಲೈಯರ್‌ಗೆ ಟೈಮ್ ಒಳಗೆ ಕೊಡ್ಲಿಲ್ಲ ಅಂದ್ರೆ ಆ ಖರೀದಿ ಖರ್ಚು ಆ ವರ್ಷ ಸಿಗಲ್ಲ, ದುಡ್ಡು ನಿಜವಾಗಿ ಕೊಟ್ಟ ವರ್ಷಕ್ಕೆ ಮಾತ್ರ ಸಿಗತ್ತೆ. ಮಾರ್ಚ್ 31ರ ಒಳಗೆ ಕೊಟ್ಬಿಟ್ರೆ ಅವ್ರಿಗೆ ಈ ಹೊಡೆತ ಇಲ್ಲ, ಹಾಗಾಗಿ ಜೂನ್‌ನಲ್ಲಿ ಇದನ್ನ ಹೇಳಿದ್ರೆ ಯಾರೂ ಕೇಳಲ್ಲ, ಫೆಬ್ರವರಿ ಮಾರ್ಚ್‌ನಲ್ಲಿ ಹೇಳಿದ್ರೆ ಕೇಳ್ತಾರೆ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ, ಅದರಲ್ಲಿ ಸೆಕ್ಷನ್ ನಂಬರ್ ಬೇರೆ, ವಿಷಯ ಇದೇ. ಜಿಎಸ್‌ಟಿಯಲ್ಲೂ ಇನ್‌ವಾಯ್ಸ್ ಡೇಟಿಂದ 180 ದಿನದಲ್ಲಿ ನಿಮಗೆ ದುಡ್ಡು ಕೊಡದಿದ್ರೆ ಅವ್ರು ತಗೊಂಡ ಇನ್‌ಪುಟ್ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಮಾಡ್ಬೇಕು. ನಿಮ್ದು 140 ಆಗಿದೆ, ಹತ್ರ ಬಂದಿದೆ.

ಉದ್ಯಮಬಾಗ_ಫೌಂಡ್ರಿ:

ಅಣ್ಣಾರ, ನಾವು ಬೆಳಗಾವಿ ಉದ್ಯಮಬಾಗದಾಗ ಕಾಸ್ಟಿಂಗ್ ಮಾಡ್ತೀವ್ರಿ. ನಿಮ್ಮ ಪರಿಸ್ಥಿತಿ ಓದಿ ನಮ್ಮದ ಓದಿದಂಗಾತು. ನಮಗೂ ಹಿಂಗ ಹೊರಗಿನ ರಾಜ್ಯದ ಒಂದು ಪಂಪ್ ಕಂಪನಿ ಭಾಳ ದಿವಸ ರೊಕ್ಕ ಇಟ್ಕೊಂಡಿತ್ರಿ. ನಾವು ಸಮಾಧಾನ್ ಪೋರ್ಟಲ್‌ದಾಗ (ತಡ ಆದ ಬಾಕಿಗೆ ಸರ್ಕಾರದ ಆನ್‌ಲೈನ್ ದೂರು) ಹಾಕಿದ್ವಿ.

ಒಂದು ದೊಡ್ಡ ಅನುಕೂಲ ಏನಂದ್ರ, ಕೇಸ್ ನಡಿಯೋದು ಸಪ್ಲೈಯರ್ ಎಲ್ಲಿ ಇರ್ತಾನೋ ಅಲ್ಲಿಯ ಕೌನ್ಸಿಲ್‌ದಾಗ. ಅವರ ಊರಿಗೆ ನಾವು ಹೋಗಬೇಕಾಗಿಲ್ಲ, ಅವರ ವಕೀಲರ ಇಲ್ಲಿಗೆ ಬರಬೇಕು. ಸಣ್ಣ ಕಾರ್ಖಾನೆದವಂಗ ಇದು ಎಷ್ಟು ದೊಡ್ಡ ಮಾತು ಅನ್ನೋದು ಫರ್ನೇಸ್ ಬಿಟ್ಟು ಕೋರ್ಟಿಗೆ ಅಡ್ಡಾಡಿದವರಿಗೇ ಗೊತ್ತರಿ.

ಆದ್ರ ಖರೇ ಹೇಳ್ತೀನಿ, ಕಾಯ್ದೆದಾಗ 90 ದಿವಸದಾಗ ತೀರ್ಮಾನ ಮಾಡಬೇಕು ಅಂತ ಐತಿ, ನಮಗ ವರ್ಷದ ಮ್ಯಾಲ ಹಿಡಿತು. ನೋಟಿಸ್ ಹೋತು, ಅವರು ಬರಲಿಲ್ಲ, ಮತ್ತ ಡೇಟ್, ಕೌನ್ಸಿಲ್ ಮೀಟಿಂಗ ಮುಂದಕ್ಕ ಹೋತು. ಕಡೀಕ ರಾಜಿ ಮಾತಿಗೆ ಬಂದು ಕುಂತರು. ಅಸಲು ಪೂರಾ ಕೊಡ್ತೀವಿ, ಬಡ್ಡಿ ಬಿಡ್ರಿ ಅಂದರು. ನಾವು ಬಡ್ಡಿದಾಗ ಸ್ವಲ್ಪ ತಗೊಂಡು ಉಳಿದದ್ದು ಬಿಟ್ವಿ, ಯಾಕಂದ್ರ ಕೈಯಾಗ ರೊಕ್ಕ ಬಂದ್ರ ಸ್ಕ್ರ್ಯಾಪ್ ತರಬಹುದು, ಕಾಗದದ ಮ್ಯಾಲಿನ ಬಡ್ಡಿಲೆ ಏನ ಕರಗಸೋದು.

ಆರ್ಡರ್ ಹೋತರಿ, ಸುಳ್ಳು ಹೇಳಂಗಿಲ್ಲ. ಸುಮಾರು ತಿಂಗಳು ಒಂದು ಪೀಸ್ ಆರ್ಡರ್ ಬರಲಿಲ್ಲ. ಆಮ್ಯಾಲ ಅವರ ಪ್ಯಾಟರ್ನ್ (ಅಚ್ಚಿನ ಮಾದರಿ) ಎಲ್ಲಾ ನಮ್ಮ ಕಡೇನ ಇದ್ವು, ಬ್ಯಾರೆ ಕಡೆ ಸ್ಯಾಂಪಲ್ ಪಾಸ್ ಆಗ್ಲಿಲ್ಲ, ತಾವ ಫೋನ್ ಮಾಡಿದರು. ಈಗ ಪ್ರೊಫಾರ್ಮಾ ಮ್ಯಾಲ ಅರ್ಧ ಅಡ್ವಾನ್ಸ್ ಇಟ್ಟ ಮ್ಯಾಲೇ ಮೋಲ್ಡ್ ಹಾಕ್ತೀವಿ. ಎಲ್ಲಾರಿಗೂ ಹಿಂಗ ಆಗ್ತದ ಅಂತ ಹೇಳಂಗಿಲ್ಲರಿ. ನಿಮ್ಮ ಪಾರ್ಟ್ ಬ್ಯಾರೆಯವರು ಎಷ್ಟು ದಿವಸದಾಗ ಡೆವಲಪ್ ಮಾಡಬಹುದು ಅನ್ನೋದರ ಮ್ಯಾಲ ಎಲ್ಲಾ ನಿಂತೈತಿ. ಬುಷ್ ಸ್ಪೇಸರ್ ಅಂದ್ರ ಸ್ವಲ್ಪ ಯೋಚನೆ ಮಾಡ್ರಿ.

ಶಾಪ್‌ಫ್ಲೋರ್_ರವಿ:

ಎನ್‌ಸಿಎಲ್‌ಟಿಗೆ (ಕಂಪನಿ ದಿವಾಳಿ ಕೇಸ್ ಕೇಳೋ ನ್ಯಾಯಮಂಡಳಿ) ಹೋಗ್ತೀನಿ ಅಂತ ವಕೀಲರಿಂದ ಡಿಮ್ಯಾಂಡ್ ನೋಟಿಸ್ ಕಳಿಸಿ ಬ್ರೋ, ದಿವಾಳಿ ಅಂದ ತಕ್ಷಣ ದೊಡ್ಡ ಕಂಪನಿಗಳು ಹೆದರಿ ಕೊಟ್ಬಿಡ್ತಾರೆ. ನಮ್ಮ ಪಕ್ಕದ ಶೆಡ್‌ನೋರು ಮೊದಲು ಹಂಗೇ ತಗೊಂಡಿದ್ರು.

ವಕೀಲೆ_ರಾಜಾಜಿನಗರ:

ರವಿ ಅವ್ರೆ, ಆ ದಾರಿ ಮೊದಲಿತ್ತು, ಈಗ ಇವ್ರಿಗೆ ಇಲ್ಲ. ಐಬಿಸಿಯಲ್ಲಿ (ದಿವಾಳಿ ಕಾಯ್ದೆ) ಮೊದಲು 1 ಲಕ್ಷ ಬಾಕಿ ಇದ್ರೆ ಸಾಕಿತ್ತು, 2020ರ ಮಾರ್ಚ್ 24ರಂದು ಅದನ್ನ 1 ಕೋಟಿಗೆ ಏರಿಸಿದ್ರು. ಕೋವಿಡ್ ಟೈಮಲ್ಲಿ ಸಣ್ಣ ಕಂಪನಿಗಳನ್ನ ಕಾಪಾಡೋಕೆ ಅಂತ ಮಾಡಿದ್ದು, ಆದ್ರೆ ಸಣ್ಣ ಸಪ್ಲೈಯರ್ ಕೈಯಲ್ಲಿದ್ದ ಒಂದು ಒಳ್ಳೆ ಆಯುಧ ಅದರಲ್ಲೇ ಹೋಯ್ತು, ನನಗದು ಇವತ್ತಿಗೂ ಸರಿ ಅನ್ನಿಸಲ್ಲ. 38 ಲಕ್ಷಕ್ಕೆ ಅರ್ಜಿನೇ ನಿಲ್ಲಲ್ಲ. ಅದೂ ಅಲ್ದೆ ಮೊದಲೇ ತಕರಾರು ಇತ್ತು ಅಂತ ತೋರಿಸಿದ್ರೆ ಅಲ್ಲಿ ವಜಾ ಆಗತ್ತೆ, ಆ ಡೆಬಿಟ್ ನೋಟ್ ಅದಕ್ಕೇ ಇರ್ಬಹುದು.

ಪೀಣ್ಯ ಸರ್, ಆರ್ಬಿಟ್ರೇಶನ್ ಷರತ್ತಿನ ಬಗ್ಗೆ ತಲೆ ಕೆಡಿಸ್ಕೋಬೇಡಿ. 2022ರ ಅಕ್ಟೋಬರ್‌ನಲ್ಲಿ ಮಹಾಕಾಳಿ ಫುಡ್ಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಇಬ್ಬರ ನಡುವೆ ಬೇರೆ ಆರ್ಬಿಟ್ರೇಶನ್ ಒಪ್ಪಂದ ಇದ್ರೂ ಸಪ್ಲೈಯರ್ ಸೆಕ್ಷನ್ 18ರ ಕೆಳಗೆ ಕೌನ್ಸಿಲ್‌ಗೆ ಹೋಗ್ಬಹುದು. ಮೊದಲು ರಾಜಿ, ಅದು ಆಗದಿದ್ರೆ ಕೌನ್ಸಿಲ್ಲೇ ಆರ್ಬಿಟ್ರೇಶನ್ ಮಾಡತ್ತೆ ಅಥವಾ ಬೇರೆ ಸಂಸ್ಥೆಗೆ ಕಳಿಸತ್ತೆ. ಅವಾರ್ಡ್ (ಆರ್ಬಿಟ್ರೇಶನ್ ತೀರ್ಪು) ಬಂದ್ಮೇಲೆ ಅದನ್ನ ರದ್ದು ಮಾಡಿ ಅಂತ ಅವ್ರು ಕೋರ್ಟಿಗೆ ಹೋದ್ರೆ ಮೊದಲು 75% ಡೆಪಾಸಿಟ್ ಇಡ್ಬೇಕು, ಸೆಕ್ಷನ್ 19. ದೊಡ್ಡ ಕಂಪನಿಗಳು ಈ ಕಾಯ್ದೆಯಲ್ಲಿ ನಿಜವಾಗಿ ಹೆದರೋದು ಇದಕ್ಕೆ, ಯಾಕಂದ್ರೆ ಮಾಮೂಲಿ ಸಿವಿಲ್ ಕೇಸಲ್ಲಿ ಎಳೆದಷ್ಟೂ ಅವ್ರಿಗೆ ಲಾಭ, ಇಲ್ಲಿ ಎಳೆಯೋಕೆ ಮುಂಚೆ ದುಡ್ಡಿಡ್ಬೇಕು.

ಹುಷಾರಾಗಿರ್ಬೇಕಾದ ವಿಷಯಗಳೂ ಇವೆ. 2021ರ ಸಿಲ್ಪಿ ಇಂಡಸ್ಟ್ರೀಸ್ ತೀರ್ಪಿನ ಪ್ರಕಾರ ಅವ್ರು ಕೌನ್ಸಿಲ್ ಮುಂದೆನೇ ನಿಮ್ಮ ಮೇಲೆ ಕೌಂಟರ್ ಕ್ಲೈಮ್ ಹಾಕ್ಬಹುದು. ಲೈನ್ ನಿಂತಿತ್ತು, ಅದಕ್ಕೆ ಇಷ್ಟು ನಷ್ಟ ಅಂತ ನಿಮ್ಮ 38 ಲಕ್ಷಕ್ಕಿಂತ ದೊಡ್ಡ ಲೆಕ್ಕ ತಂದಿಟ್ಟಿದ್ದು ನೋಡಿದೀನಿ. ಹಾಗಾಗಿ ಪ್ರತಿ ಲಾಟಿನ ಪಿಡಿಐ (ಕಳಿಸೋ ಮುಂಚಿನ ತಪಾಸಣೆ) ರಿಪೋರ್ಟ್, ಮೆಟೀರಿಯಲ್ ಟೆಸ್ಟ್ ಸರ್ಟಿಫಿಕೇಟ್ ಎಲ್ಲಾ ಜೋಡಿಸಿಟ್ಕೊಳ್ಳಿ. ಅದೇ ತೀರ್ಪಲ್ಲಿ ಲಿಮಿಟೇಶನ್ (ಕೇಸ್ ಹಾಕೋ ಕಾಲಮಿತಿ) ಕೂಡ ಅನ್ವಯ ಆಗತ್ತೆ ಅಂದಿದಾರೆ, ಮೂರು ವರ್ಷ ದಾಟೋಕೆ ಬಿಡ್ಬೇಡಿ.

ರಿಜಿಸ್ಟ್ರೇಶನ್ 2021ರದ್ದು, ಬಿಲ್ಲುಗಳು ಆಮೇಲಿನವು, ಆದ್ದರಿಂದ ನಿಮಗೆ ತೊಂದರೆ ಇಲ್ಲ. ಓದ್ತಿರೋ ಬೇರೆಯವ್ರಿಗೆ ಹೇಳ್ತೀನಿ, ಮಾಲು ಕೊಟ್ಟಾದ್ಮೇಲೆ ಉದ್ಯಮ್ ಮಾಡ್ಸಿ ಹಳೇ ಬಿಲ್‌ಗೆ ಈ ಕಾಯ್ದೆ ಕೇಳೋಕಾಗಲ್ಲ ಅಂತ ಸಿಲ್ಪಿ, ಮಹಾಕಾಳಿ ಎರಡರಲ್ಲೂ ಇದೆ. 2025ರ ಜನವರಿಯಲ್ಲಿ ಎನ್‌ಬಿಸಿಸಿ ಕೇಸಲ್ಲಿ ಈ ಪ್ರಶ್ನೆನ ದೊಡ್ಡ ಪೀಠಕ್ಕೆ ಕಳಿಸಿದಾರೆ, ಆದ್ರೂ ಅದನ್ನ ನಂಬ್ಕೊಂಡು ಕೂರೋದು ಬೇಡ, ಉದ್ಯಮ್‌ಗೆ ಫೀಸೇ ಇಲ್ಲ, ಆನ್‌ಲೈನ್‌ನಲ್ಲಿ ಇವತ್ತೇ ಮಾಡ್ಸಿ.

ಖರೀದಿ_ಕಡೆಯವಳು:

ನಾನು ಎದುರು ಪಾರ್ಟಿ ಕಡೆಯವಳು, ಒಂದು ದೊಡ್ಡ ಕಾಂಪೊನೆಂಟ್ ಕಂಪನಿಯಲ್ಲಿ ಬಹಳ ವರ್ಷ ವೆಂಡರ್ ಪೇಮೆಂಟ್ ನೋಡ್ಕೊಂಡಿದ್ದೆ. ಒಳಗೆ ಏನಾಗತ್ತೆ ಅಂತ ಹೇಳ್ತೀನಿ, ಉಪಯೋಗ ಆಗ್ಬಹುದು.

ಸರ್, ನೀವು ಮಾತಾಡ್ತಿರೋದು ತಪ್ಪು ಮನುಷ್ಯನ ಹತ್ರ. ಬಯ್ಯರ್‌ಗೆ ಇರೋ ಟಾರ್ಗೆಟ್ ರೇಟ್ ಕಮ್ಮಿ ಮಾಡೋದು, ಲೈನ್ ನಿಲ್ದೇ ಇರೋ ಹಾಗೆ ನೋಡ್ಕೊಳ್ಳೋದು. ಕಾಯ್ದೆ ಮುರಿದ್ರೆ ಉತ್ತರ ಕೊಡ್ಬೇಕಾದೋರು ಸಿಎಫ್‌ಒ, ಕಂಪನಿ ಸೆಕ್ರೆಟರಿ. 45 ದಿನ ಮೀರಿದ ಮೈಕ್ರೋ, ಸ್ಮಾಲ್ ಬಾಕಿಗಳ ಪಟ್ಟಿನ ಕಂಪನಿಗಳು ವರ್ಷಕ್ಕೆ ಎರಡು ಸಲ ಎಂಎಸ್‌ಎಂಇ ಫಾರ್ಮ್-1ರಲ್ಲಿ ಕಾರ್ಪೊರೇಟ್ ಮಂತ್ರಾಲಯಕ್ಕೆ ಕೊಡ್ಬೇಕು, ಏಪ್ರಿಲ್ 30 ಮತ್ತು ಅಕ್ಟೋಬರ್ 31ರ ಒಳಗೆ, ಯಾಕೆ ತಡ ಅಂತ ಕಾರಣ ಬರೀಬೇಕು. ವಾರ್ಷಿಕ ಲೆಕ್ಕದಲ್ಲೂ ಬಾಕಿ ಎಷ್ಟು, ಬಡ್ಡಿ ಎಷ್ಟು ಅಂತ ತೋರಿಸ್ಬೇಕು, ಆಡಿಟರ್ ಕೇಳೇ ಕೇಳ್ತಾರೆ.

ಆದ್ರೆ ಎಷ್ಟೋ ಕಡೆ ವೆಂಡರ್ ಮಾಸ್ಟರ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಎಂಎಸ್‌ಎಂಇ ಅಂತ ಟಿಕ್ಕೇ ಆಗಿರಲ್ಲ. ಸರ್ಟಿಫಿಕೇಟ್ ನೀವು ಬಯ್ಯರ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿರ್ತೀರ, ಅದು ಅಲ್ಲೇ ಉಳಿಯತ್ತೆ, ಅಕೌಂಟ್ಸ್‌ಗೆ ಬರಲ್ಲ. ಅಥವಾ ಟ್ರೇಡರ್ ಅಂತ ಹಾಕಿರ್ತಾರೆ, ಟ್ರೇಡರ್‌ಗೆ ಈ ಲೇಟ್ ಪೇಮೆಂಟ್ ರಕ್ಷಣೆ ಇಲ್ಲ. ಹಾಗಾಗಿ ಉದ್ಯಮ್ ಸರ್ಟಿಫಿಕೇಟ್ ಲಗತ್ತಿಸಿ, ಬಿಲ್‌ವಾರು ಸ್ಟೇಟ್‌ಮೆಂಟ್ ಹಾಕಿ, ಫೈನಾನ್ಸ್ ಮುಖ್ಯಸ್ಥರಿಗೆ ಮತ್ತೆ ಕಂಪನಿ ಸೆಕ್ರೆಟರಿಗೆ ಒಂದು ಸಾದಾ ಮೇಲ್, ಜೊತೆಗೆ ರಿಜಿಸ್ಟರ್ಡ್ ಪೋಸ್ಟ್. ಬೆದರಿಕೆ ಧಾಟಿ ಬೇಡ. ಇನ್ನು ಮುಂದೆ ಪ್ರತಿ ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಪ್ರಿಂಟ್ ಮಾಡಿ. ಬ್ಯಾಲೆನ್ಸ್ ಕನ್ಫರ್ಮೇಶನ್ ಕೇಳಿ, ಅದಕ್ಕೆ ಸೈನ್ ಹಾಕಿ ಕಳಿಸಿದ್ರೆ ಬಾಕಿ ಒಪ್ಕೊಂಡ ಹಾಗೆ.

ಟ್ರೆಡ್ಸ್ (ಬಿಲ್ ಮೇಲೆ ಬ್ಯಾಂಕಿಂದ ಮುಂಚೆನೇ ದುಡ್ಡು ತಗೊಳ್ಳೋ ಆನ್‌ಲೈನ್ ವ್ಯವಸ್ಥೆ) ಬಗ್ಗೆ ಯಾರೂ ಹೇಳ್ಲಿಲ್ಲ. 250 ಕೋಟಿಗಿಂತ ಜಾಸ್ತಿ ಟರ್ನೋವರ್ ಇರೋ ಕಂಪನಿಗಳು 2025ರ ಮಾರ್ಚ್ 31ರ ಒಳಗೆ ಅದರಲ್ಲಿ ಸೇರ್ಬೇಕಿತ್ತು. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಇಂಥ ಪ್ಲಾಟ್‌ಫಾರ್ಮ್‌ಗಳು. ನಿಮ್ಮ ಇನ್‌ವಾಯ್ಸ್‌ನ ಅವ್ರು ಅಲ್ಲಿ ಅಕ್ಸೆಪ್ಟ್ ಮಾಡಿದ್ರೆ ಬ್ಯಾಂಕ್‌ಗಳು ಬಿಡ್ ಮಾಡ್ತವೆ, ಡಿಸ್ಕೌಂಟ್ ಕಳೆದು ದುಡ್ಡು ನಿಮ್ಮ ಖಾತೆಗೆ, ಆಮೇಲೆ ಕಂಪನಿ ಕೊಡದಿದ್ರೂ ಬ್ಯಾಂಕ್ ನಿಮ್ಮ ಹತ್ರ ಬರಲ್ಲ. ಸೇರೋದು ಕಡ್ಡಾಯ, ನಿಮ್ಮ ಇನ್‌ವಾಯ್ಸ್ ಅಕ್ಸೆಪ್ಟ್ ಮಾಡೋದು ಅವ್ರ ಇಷ್ಟ, ತೊಡಕಿರೋದು ಅಲ್ಲೇ. ಆದ್ರೂ ಕೇಳಿ. ದುಡ್ಡಿಲ್ದೆ ತಡ ಮಾಡೋ ಕಂಪನಿಗೆ ಇದು ಅನುಕೂಲನೇ, ಹಾಗಾಗಿ ಒಪ್ಕೊಳ್ಳೋ ಸಾಧ್ಯತೆ ಇದೆ.

ಇನ್ನೊಂದು ಮಾತು, 43ಬಿ(ಎಚ್) ಬಂದ್ಮೇಲೆ ಕೆಲವು ಕಡೆ ಉದ್ಯಮ್ ಕ್ಯಾನ್ಸಲ್ ಮಾಡ್ಸಿ ಅಂತ ವೆಂಡರ್‌ಗೆ ಹೇಳಿದ್ದು ನನಗೆ ಗೊತ್ತು. ದಯವಿಟ್ಟು ಯಾರೂ ಮಾಡ್ಬೇಡಿ. ಅದು ಹೋದ್ರೆ ನಿಮ್ಮ ಕೈಯಲ್ಲಿ ಏನೂ ಉಳಿಯಲ್ಲ.

ಪೀಣ್ಯ_ಟರ್ನಿಂಗ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ವಿವರವಾಗಿ ಬರೀತಾರೆ ಅಂತ ಅಂದ್ಕೊಂಡಿರ್ಲಿಲ್ಲ. ಡೆಬಿಟ್ ನೋಟ್‌ಗೆ ಇವತ್ತು ಉತ್ತರ ಕಳಿಸ್ದೆ, ಸಿಎ ಸರ್ ಹೇಳಿದ ಹಾಗೇ. ಡಿಸಿ ಫೈಲ್ ತೆಗೆದು ನೋಡಿದ್ವಿ, ಹೆಚ್ಚುಕಮ್ಮಿ ಎಲ್ಲದರ ಮೇಲೂ ಗೇಟ್ ಸೀಲ್, ತಾರೀಖು ಇದೆ.

ಬೆಳಗಾವಿ ಅಣ್ಣ, ನಮ್ಮ ಪಾರ್ಟ್‌ಗಳಲ್ಲಿ ಎರಡು ಸ್ವಲ್ಪ ಕಷ್ಟದವು, ಟೈಟ್ ಟಾಲರೆನ್ಸ್, ಬೇರೆಯವ್ರು ಮಾಡ್ಬಹುದು ಆದ್ರೆ ಪಿಪ್ಯಾಪ್ (ಹೊಸ ಪಾರ್ಟ್ ಒಪ್ಪಿಗೆಯ ಪೇಪರ್ ವರ್ಕ್) ಎಲ್ಲಾ ಮುಗಿಸಿ ಅಪ್ರೂವಲ್ ತಗೊಳ್ಳೋಕೆ ಟೈಮ್ ಬೇಕು. ಮಿಕ್ಕಿದ್ದೆಲ್ಲಾ ಪೀಣ್ಯದಲ್ಲೇ ನೂರು ಜನ ಮಾಡ್ತಾರೆ.

ಎರಡು ಡೌಟ್. ಕಂಪ್ಲೇಂಟ್ ಹಾಕೋದಾದ್ರೆ ಸಮಾಧಾನ್ ಪೋರ್ಟಲ್ಲೇನಾ? ಮತ್ತೆ ಲೆಟರ್‌ನಲ್ಲಿ ಬಡ್ಡಿ ಲೆಕ್ಕ ಹಾಕಿ ತೋರಿಸ್ಬೇಕಾ ಅಥವಾ ಅಸಲು ಮಾತ್ರ ಕೇಳ್ಲಾ?

ಉದ್ಯಮಬಾಗ_ಫೌಂಡ್ರಿ:

ನಾವು ಹಾಕಿದಾಗ ಸಮಾಧಾನ್ ಇತ್ರಿ, 2017ರಾಗ ಶುರು ಆಗಿದ್ದು. 2025ರ ಜೂನ್‌ದಾಗ ಒಡಿಆರ್ (ಆನ್‌ಲೈನ್ ತಕರಾರು ಪರಿಹಾರ) ಅಂತ ಹೊಸಾ ಪೋರ್ಟಲ್ ಬಂದೈತಿ, ಆನ್‌ಲೈನ್‌ದಾಗ ರಾಜಿ ಮಾತುಕತಿ ಮಾಡಸ್ತಾರ. ನಿಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕ ಒಮ್ಮೆ ಹೋಗಿ ಜಂಟಿ ನಿರ್ದೇಶಕರ ಆಫೀಸಿನಾಗ ಕೇಳಿಬಿಡ್ರಿ, ಅಲ್ಲಿ ಕೇಸ್ ವರ್ಕರ್ ಹೇಳ್ತಾರ. ಪೀಣ್ಯಾದಾಗ ನಿಮ್ಮ ಅಸೋಸಿಯೇಶನ್ ಐತಿ, ಕಾಸಿಯಾ (ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ) ಐತಿ, ಒಬ್ಬರ ಹೋಗಬ್ಯಾಡ್ರಿ. ಅದ ಕಂಪನಿಗೆ ಮಾಲು ಕೊಡೋ ಬ್ಯಾರೆ ಶೆಡ್‌ದವರು ಸಿಕ್ಕರ ಅವರನ್ನೂ ಕರ್ಕೊಳ್ರಿ. ನಾಲ್ಕೈದು ಮಂದಿ ಒಮ್ಮೆಲೆ ಪತ್ರ ಬರದ್ರ ಯಾರ ಕೋಡ್ ಬ್ಲಾಕ್ ಮಾಡ್ತಾರ್ರಿ ಅವರು, ಲೈನ್ ನಡೀಬೇಕಲ್ಲ.

ಲೆಕ್ಕಪತ್ರ_ಸಿಎ:

ಬಡ್ಡಿ ಖಂಡಿತ ತೋರಿಸಿ ಸರ್, ಬಿಲ್‌ವಾರು. ಬಿಡೋದಾದ್ರೆ ರಾಜಿ ಟೇಬಲ್ ಮೇಲೆ ಬಿಡಿ, ಮೊದಲ ಲೆಟರ್‌ನಲ್ಲೇ ಬಿಟ್ರೆ ಆಮೇಲೆ ಅಸಲಲ್ಲೇ ಡಿಸ್ಕೌಂಟ್ ಕೇಳ್ತಾರೆ.

ಅಂದಾಜಿಗೆ ಹೇಳ್ತೀನಿ, ಬ್ಯಾಂಕ್ ರೇಟ್ 6.75% ಇದ್ದಾಗ ಮೂರು ಪಟ್ಟು ಅಂದ್ರೆ 20.25%. 10 ಲಕ್ಷದ ಬಿಲ್ ಡ್ಯೂ ಡೇಟ್ ಆದ್ಮೇಲೆ ಆರು ತಿಂಗಳು ನಿಂತ್ರೆ ತಿಂಗಳ ಚಕ್ರಬಡ್ಡಿಯಲ್ಲಿ ಸುಮಾರು 1,05,600 ರೂಪಾಯಿ ಆಗತ್ತೆ. 2025ರಲ್ಲಿ ರೇಟ್ ಇಳೀತಾ ಬಂದಿದೆ, ಹಾಗಾಗಿ ಆಯಾ ಅವಧಿಗೆ ಆರ್‌ಬಿಐ ಸೈಟಲ್ಲಿರೋ ರೇಟ್ ಹಾಕಿ. ಎಕ್ಸೆಲ್‌ನಲ್ಲಿ ಕಾಲಮ್ ಹೀಗಿಡಿ: ಇನ್‌ವಾಯ್ಸ್ ನಂಬರ್, ಗೇಟ್ ಸೀಲ್ ತಾರೀಖು, 45ನೇ ದಿನ, ಬಾಕಿ, ತಡವಾದ ದಿನ, ಬಡ್ಡಿ. ಗೇಟ್ ಸೀಲ್ ಇಲ್ದಿರೋ ಡಿಸಿಗಳಿಗೆ ಟ್ರಾನ್ಸ್‌ಪೋರ್ಟ್‌ನೋರಿಂದ ಡೆಲಿವರಿ ಪ್ರೂಫ್ ಈಗ್ಲೇ ತರ್ಸ್ಕೊಳ್ಳಿ, ಹಳೇದಾದಷ್ಟೂ ಸಿಗಲ್ಲ. ಶೀಟ್ ಮಾಡಿ ಇಲ್ಲೇ ಹಾಕಿ, ಕಂಪನಿ ಹೆಸರು ತೆಗೆದು, ಲೆಕ್ಕ ಸರಿ ಇದೆಯಾ ನೋಡಿ ಹೇಳ್ತೀನಿ.